ಹನ್ನೊಂದು ವರ್ಷದ ನಾಯಿಯನ್ನು ಇನ್ನೊಂದು ಮನೆಗೆ ಕೊಡಬಹುದಾ?

ಬದಿಯಡ್ಕದವ:
ಊರಿನವರ ಹತ್ತಿರವೇ ಕೇಳುವ ಅಂತ ಬರೆಯುತ್ತಿದ್ದೇನೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ, ಅಡಿಕೆ ತೋಟ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಬ್ಬರೇ. ಕಳೆದ ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಸೊಂಟ ಮುರಿದುಕೊಂಡರು. ಈಗ ವಾಕರ್ ಹಿಡಿದು ನಡೆಯುತ್ತಾರೆ. ಮುಂದಿನ ತಿಂಗಳು ಬೆಂಗಳೂರಿಗೆ, ನನ್ನ ಫ್ಲ್ಯಾಟಿಗೆ ಬರುತ್ತಾರೆ. ಉಳಿದದ್ದು ಬೊಗ್ಗ.

ಊರ ನಾಯಿ. ಹನ್ನೊಂದು ವರ್ಷ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಹಿಂದಿನ ಕಾಲು ಬೆಳಿಗ್ಗೆ ಏಳುವಾಗ ಎಳೆಯುತ್ತದೆ. ಆದರೂ ರಾತ್ರಿ ಒಂದು ಸುತ್ತು ತೋಟಕ್ಕೆ ಹೋಗಿಯೇ ಹೋಗುತ್ತಾನೆ, ಹಂದಿ ಓಡಿಸಲಿಕ್ಕೆ. ಈಗ ಹಂದಿಗಳೇ ಅವನಿಗೆ ಹೆದರುತ್ತವೋ ಇಲ್ಲವೋ, ಅದು ಬೇರೆ ವಿಷಯ. ಹಿತ್ತಿಲಲ್ಲಿ ಮೂರು ಮೆಟ್ಟಿಲುಂಟು. ಮೂರನೆಯದು ಸ್ವಲ್ಪ ಎತ್ತರ. ಅಲ್ಲಿಗೆ ಬಂದಾಗ ಒಂದು ಕ್ಷಣ ನಿಲ್ಲುತ್ತಾನೆ, ಮೂಗು ಮುಂದೆ ಮಾಡುತ್ತಾನೆ, ಆಮೇಲೆ ಇಳಿಯುತ್ತಾನೆ. ಒಂದು ದಿನವೂ ತಪ್ಪಿದ್ದು ನಾನು ನೋಡಿಲ್ಲ. ಹೊಸ ಮನೆಯಲ್ಲಿ ಮೆಟ್ಟಿಲು ಎಲ್ಲಿದೆ ಅಂತ ಅವನಿಗೆ ಯಾರು ಹೇಳುವುದು?

ನೆಂಟರೊಬ್ಬರು "ಮೀನು ಮಾರ್ಕೆಟ್ ಹತ್ತಿರ ಬಿಟ್ಟು ಬಾ, ಬದುಕಿಕೊಳ್ತದೆ" ಅಂದರು. ಇನ್ನೊಬ್ಬರು ಇಂಜೆಕ್ಷನ್ ಮಾತು ಎತ್ತಿದರು. ಅಮ್ಮ ಏನೂ ಹೇಳುವುದಿಲ್ಲ. ಅನ್ನಕ್ಕೆ ಮಜ್ಜಿಗೆ ಕಲಸಿ ಹಾಕುವುದು ಮಾತ್ರ ಈಗಲೂ ಅವರೇ, ವಾಕರ್ ಗೋಡೆಗೆ ಒರಗಿಸಿಟ್ಟು.

ಕುಂಬಳೆ ಎಕ್ಸ್‌ಪ್ರೆಸ್:
ಬೆಂಗಳೂರಿಗೇ ಕರಕೊಂಡು ಹೋಗಿ ಮಾರಾಯ್ರೆ. ಅಸೋಸಿಯೇಷನ್‌ನವರು ನಾಯಿ ಸಾಕಬಾರದು ಅಂತ ಹೇಳುವ ಹಾಗಿಲ್ಲ, ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸ್ಪಷ್ಟ ಮಾಡಿದೆ. ರೈಲಲ್ಲಿ ಆದರೆ ಫಸ್ಟ್ ಎಸಿಯ ಇಡೀ ಕೂಪೆ ನಿಮ್ಮದೇ ಆಗಿರಬೇಕು, ಇಲ್ಲದಿದ್ದರೆ ಗಾರ್ಡ್ ಬೋಗಿಯ ಪೆಟ್ಟಿಗೆ. ಮುದಿ ನಾಯಿಯನ್ನು ರಾತ್ರಿಯಿಡೀ ಆ ಪೆಟ್ಟಿಗೆಯಲ್ಲಿ ಹಾಕಬೇಡಿ. ಕಾರೇ ಒಳ್ಳೆಯದು.

ಮುಳ್ಳೇರಿಯದ ಅಕ್ಕ:
ಕಾನೂನು ಸರಿ. ಆದರೆ ಜೀವಮಾನವಿಡೀ ತೋಟ ಸುತ್ತಿದ ನಾಯಿ, ಕಣ್ಣು ಬೇರೆ ಕಾಣುವುದಿಲ್ಲ, ಲಿಫ್ಟು, ಟೈಲ್ಸು... ಕೆಲವು ನಾಯಿಗಳು ಹೊಂದಿಕೊಳ್ಳುತ್ತವೆ, ಇಲ್ಲ ಅನ್ನುವುದಿಲ್ಲ.

ನಾನು ಮಾಡಿದ ತಪ್ಪು ಹೇಳ್ತೇನೆ. ನಾವು ಹಳೆ ಮನೆ ಬಿಡುವಾಗ ಒಂದು ಹೆಣ್ಣು ನಾಯಿ ಇತ್ತು, ಒಂಬತ್ತು ವರ್ಷದ್ದು. ಐದಾರು ಕಿಲೋಮೀಟರ್ ಆಚೆ ಪರಿಚಯದವರ ಮನೆಗೆ ಕೊಟ್ಟೆವು. ಒಳ್ಳೆಯ ಜನ. ಆದರೆ ಕೊಟ್ಟ ರೀತಿ ಕೇಳಿ: ಕಾಲು ಕಟ್ಟಿ, ಗೋಣಿಯಲ್ಲಿ ಸುತ್ತಿ, ಆಟೋದಲ್ಲಿ. ಅಲ್ಲಿ ಇಳಿಸಿದ ಕೂಡಲೇ ಸಂಕೋಲೆ. ನಾಲ್ಕನೇ ದಿನ ಬಿಚ್ಚಿದರಂತೆ, ಆವತ್ತೇ ಹೋಯಿತು. ಆಮೇಲೆ ನೆರೆಯವರು ಫೋನ್ ಮಾಡಿದರು, ಬೀಗ ಹಾಕಿದ ನಮ್ಮ ಮನೆಯ ಜಗಲಿಯಲ್ಲಿ ಮಲಗಿದೆ ಅಂತ. ನಾನು ಹೋದಾಗ ಬಾಲ ಅಲ್ಲಾಡಿಸಲಿಲ್ಲ. ಎದ್ದು ಬಾಗಿಲ ಹತ್ತಿರ ಹೋಗಿ ನಿಂತಿತು, ತೆಗಿ ಅನ್ನುವ ಹಾಗೆ.

ಎರಡನೇ ಸಲ ಬುದ್ಧಿ ಬಂತು. ನಾಯಿಯನ್ನು ಕಳಿಸಲಿಲ್ಲ, ಅವರನ್ನೇ ನಮ್ಮಲ್ಲಿಗೆ ಕರೆಸಿದೆವು. ಹತ್ತು ದಿನ ಆ ಮನೆಯ ಹೆಂಗಸು ಬಂದು ಅನ್ನ ಹಾಕಿದರು, ನಾನು ಪಕ್ಕದಲ್ಲಿ ಕೂತಿದ್ದೆ. ಹೋಗುವಾಗ ಅದು ಮಲಗುವ ಗೋಣಿ, ಅನ್ನದ ಬಟ್ಟಲು ಜೊತೆಗೆ. ಗೋಣಿ ಒಗೆಯಬೇಡಿ, ವಾಸನೆ ಇರಲಿ. ಕಣ್ಣು ಕಾಣದ ನಾಯಿಗೆ ಅದೇ ಮನೆ. ಮೆಟ್ಟಿಲ ಅಂಚಿಗೆ ಒಂದು ಕತ್ತದ ಮ್ಯಾಟ್ ಹಾಕಿಸಿ, ಕಾಲಿಗೆ ಗೊತ್ತಾಗುತ್ತದೆ. ನೀರಿನ ಪಾತ್ರೆ ಇಟ್ಟ ಜಾಗ ಬದಲಿಸಬಾರದು.

ಇನ್ನೊಂದು. ಯಾರಾದರೂ ಹೊಸಬರನ್ನು ಹುಡುಕುವ ಮೊದಲು ನಿಮ್ಮ ತೋಟಕ್ಕೆ ದಿನಾ ಬರುವವರು ಯಾರು ನೋಡಿ. ಬೊಗ್ಗ ಯಾರಿಗೆ ಬೊಗಳುವುದಿಲ್ಲ?

ಪೆರ್ಲ ಪೇಟೆ:
ಮಾರ್ಕೆಟಲ್ಲಿ ಬಿಡು ಅಂದ ನೆಂಟರಿಗೆ ಹೇಳಿ, ಹಾಗೆ ಉಪವಾಸಕ್ಕೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ದಂಡ ಮೊದಲ ಸಲಕ್ಕೆ ಹತ್ತರಿಂದ ಐವತ್ತು ರೂಪಾಯಿ, ಅದನ್ನು ಕೇಳಿ ಅವರು ನಗಲೂಬಹುದು. ಇಂಜೆಕ್ಷನ್ ಇರುವುದು ವಾಸಿಯಾಗದ ನೋವಿನಲ್ಲಿ ನರಳುವ ನಾಯಿಗೆ. ಉಂಡು ತೋಟ ಸುತ್ತುವವನಿಗೆ ಯಾಕೆ?

ಕೊಡುವ ಮೊದಲು ಡಾಕ್ಟರಿಗೆ ತೋರಿಸಿ. ರಕ್ತ ಪರೀಕ್ಷೆ, ಕಿಡ್ನಿ ಮುಖ್ಯವಾಗಿ. ಉಣ್ಣಿ ಇದ್ದರೆ ಮದ್ದು ಹಾಕಿಸಿ, ಉಣ್ಣಿ ಜ್ವರ ಮುದಿ ನಾಯಿಗೆ ಬಂದರೆ ಕಷ್ಟ. ರೇಬೀಸ್ ಚುಚ್ಚುಮದ್ದಿನ ಕಾಗದ ಬೇಕೇ ಬೇಕು. ಕೇರಳದಲ್ಲಿ ನಾಯಿಗೆ ಪಂಚಾಯತಿನ ಲೈಸನ್ಸ್ ಬೇಕಲ್ವಾ, ಅದು ಹೊಸ ಮನೆಯವರ ಹೆಸರಲ್ಲಿ ಆಗಲಿ. ಮತ್ತೆ ಖರ್ಚು. ಕಾಲು ನೋವಿನ ಮಾತ್ರೆ, ಡಾಕ್ಟರ ಫೀಸು, ಇದು ತಿಂಗಳು ತಿಂಗಳು ನೀವೇ ಕೊಡಿ. ನಿಮ್ಮ ಮನೆ ಹನ್ನೊಂದು ವರ್ಷ ಕಾದಿದ್ದಾನೆ.

ಬದಿಯಡ್ಕದವ:
ಅಕ್ಕ, ನಿಮ್ಮ ಪ್ರಶ್ನೆ ಓದಿದ ಕೂಡಲೇ ಉತ್ತರ ಸಿಕ್ಕಿತು. ತೋಟಕ್ಕೆ ನೀರು ಬಿಡಲಿಕ್ಕೆ ಬರುವ ಅಣ್ಣನಿಗೆ ಅವನು ಬೊಗಳಿದ್ದೇ ಇಲ್ಲ. ಅವರ ಮನೆ ತೋಡು ದಾಟಿದರೆ ಆಚೆ. ನಿನ್ನೆ ಕೇಳಿದೆ. "ಬೊಗ್ಗನಾ? ಅವ ಮಧ್ಯಾಹ್ನ ಹೇಗೂ ನಮ್ಮಲ್ಲೇ ಮಲಗುವುದಲ್ವಾ" ಅಂದರು. ನಮಗೆ ಗೊತ್ತೇ ಇರಲಿಲ್ಲ! ಮದ್ದಿನ ದುಡ್ಡಿಗೆ ಒಪ್ಪಿದರು, ಅನ್ನದ ದುಡ್ಡು ಅಂದಾಗ ಮುಖ ತಿರುಗಿಸಿದರು. ಇವತ್ತಿನಿಂದ ಅವರ ಹೆಂಡತಿ ಸಂಜೆ ಬಂದು ಅನ್ನ ಹಾಕುತ್ತಿದ್ದಾರೆ.

ಅಮ್ಮ ಅವರ ಹತ್ತಿರ ಕೇಳಿದ್ದು ಒಂದೇ: "ನಿಮ್ಮಲ್ಲಿ ಮಜ್ಜಿಗೆ ಉಂಟಾ?"

"ಮಜ್ಜಿಗೆ ಉಂಟು ಅಮ್ಮ, ಮೀನು ಸಹ ಉಂಟು."

ನಮ್ಮದು ಮೊಟ್ಟೆಯೂ ತರದ ಮನೆ. ಅಮ್ಮ ಸ್ವಲ್ಪ ಹೊತ್ತು ವಾಕರಿನ ಹಿಡಿ ನೋಡುತ್ತಾ ಕೂತರು. ಆಮೇಲೆ ಹೇಳಿದರು, "ಮುಳ್ಳು ತೆಗೆದು ಕೊಡಿ ಆಯ್ತಾ. ಅವನಿಗೆ ಅಭ್ಯಾಸ ಇಲ್ಲ."