ಎರಡು ನಿಮಿಷದ ವಿರಹ, ಹದಿನಾಲ್ಕು ನಿಮಿಷದ ಮೇಕಿಂಗ್

"ಟೀಸರ್ ಶುಕ್ರವಾರ ಬಿಡ್ತೀನಿ ಮಾಮ. ಅದಕ್ಕೆ ಮುಂಚೆ ಬುಧವಾರ, ಟೀಸರ್ ಯಾವಾಗ ಬರುತ್ತೆ ಅಂತ ಹೇಳೋಕೆ ಒಂದು ವಿಡಿಯೋ ಬಿಡಬೇಕು" ಎಂದ ಪುಟ್ಟು.

ದರ್ಶಿನಿಯ ಟೇಬಲ್ಲಿನ ಸುತ್ತ ನಿಂತಿದ್ದವರೆಲ್ಲ ಕಿಟ್ಟಿಯ ಮುಖ ನೋಡಿದರು. ಅಕ್ಕನ ಮಗ ಅಲ್ವಾ, ಹೊಣೆ ಅವನದೇ. ಕಿಟ್ಟಿ ಸಾಂಬಾರಿನೊಳಗೆ ಏನನ್ನೋ ಹುಡುಕತೊಡಗಿದ.

"ಏನು ಹಾಡಪ್ಪಾ?" ಎಂದರು ರಾಯರು, ಬೈಟು ಕಾಫಿಯಲ್ಲಿ ತಮ್ಮ ಲೋಟಕ್ಕೆ ಕಮ್ಮಿ ಬಂದಿದೆಯೇ ಎಂದು ಸೀನನ ಲೋಟದ ಪಕ್ಕ ಹಿಡಿದು ನೋಡುತ್ತಾ.

"ಬ್ರೇಕಪ್ ಸಾಂಗ್ ಅಂಕಲ್. ಆರೂವರೆ ನಿಮಿಷ. ಮಡಿಕೇರಿಯಲ್ಲಿ ಡ್ರೋನ್ ಶಾಟ್ ತೆಗೆದ್ವಿ. ಅವತ್ತು ಮಳೆ ಬರಲಿಲ್ಲ, ಟ್ಯಾಂಕರ್ ತರಿಸಿದ್ವಿ."

"ಮಡಿಕೇರಿಗೆ ಮಳೆ ತಗೊಂಡು ಹೋದ್ಯಾ! ಸರಿ, ಬ್ರೇಕಪ್ ಯಾರದು?"

"ನಂದೇ."

ಪದ್ದಕ್ಕ ಇಡ್ಲಿ ಮುರಿಯುವುದನ್ನು ನಿಲ್ಲಿಸಿದಳು. "ಅಯ್ಯೋ, ಯಾವಾಗ ಆಯ್ತೋ ಇದು?"

"ಹೋದ ತಿಂಗಳು ಅತ್ತೆ. ಲೊಕೇಶನ್ ಸಿಕ್ಕಿದ ಮೇಲೆ ಸ್ವಲ್ಪ ಬೇಗ ಬೇಗ ಮಾಡಬೇಕಾಯ್ತು."

ಆಗಿದ್ದು ಹಾಡೋ ಬ್ರೇಕಪ್ಪೋ ಎಂದು ಯಾರೂ ಕೇಳಲಿಲ್ಲ. ರಾಯರು ಲೋಟ ಕೆಳಗಿಟ್ಟರು. ರಾಯರು ಲೋಟ ಕೆಳಗಿಟ್ಟರೆ ಎಲ್ಲರೂ ಇನ್ನೊಂದು ಕಾಫಿ ಹೇಳುವುದು ವಾಡಿಕೆ.

"ಬಿಲ್ ವಿದರ್ಸ್ ಅಂತ ಒಬ್ಬ ಇದ್ದ, ಗೊತ್ತಾ?"

"ಗೊತ್ತು, ಗೊತ್ತು" ಎಂದ ಸೀನ. "ವೆಸ್ಟ್ ಇಂಡೀಸ್ ಫಾಸ್ಟ್ ಬೌಲರು."

"ವೆಸ್ಟ್ ವರ್ಜೀನಿಯಾ ಕಣಯ್ಯಾ. ಸ್ಲ್ಯಾಬ್ ಫೋರ್ಕ್ ಅಂತ ಗಣಿ ಊರು. ಒಂಬತ್ತು ವರ್ಷ ನೌಕಾಪಡೆಯಲ್ಲಿದ್ದ. ಆಮೇಲೆ ಲಾಸ್ ಏಂಜಲೀಸ್ ಕಡೆ ಒಂದು ಫ್ಯಾಕ್ಟರಿ ಸೇರಿದ. ಅಲ್ಲಿ ಏನು ಮಾಡ್ತಿದ್ದ ಹೇಳು?"

"ವಿಮಾನ" ಎಂದ ಸೀನ. ರಾಯರು ಎಚ್‌ಎಎಲ್‌ನಿಂದ ರಿಟೈರ್ ಆದವರು. ಅವರ ಬಾಯಲ್ಲಿ ಯಾವ ಫ್ಯಾಕ್ಟರಿ ಬಂದರೂ ಕೊನೆಗೆ ರೆಕ್ಕೆ ಮೂಡುತ್ತದೆ.

"ಹತ್ತಿರ ಬಂದೆ. ಬೋಯಿಂಗ್ 747ರ ಟಾಯ್ಲೆಟ್ ಸೀಟು."

ಪದ್ದಕ್ಕ ತಟ್ಟೆ ಸ್ವಲ್ಪ ದೂರ ಸರಿಸಿದಳು.

"ಮೂವತ್ತು ದಾಟಿತ್ತು ವಯಸ್ಸು. ಈ ಕಾಲದಲ್ಲಿ ಮೂವತ್ತು ದಾಟಿದವನನ್ನ ಸಿಂಗಿಂಗ್ ಶೋಗೆ ಜಡ್ಜ್ ಆಗು ಅಂತ ಕರೀತಾರೆ. ಅವನು ಆಗ ತಾನೆ ಶುರು ಮಾಡಿದ. 1971ರಲ್ಲಿ 'ಏಂಟ್ ನೋ ಸನ್‌ಶೈನ್' ಅಂತ ಒಂದು ಹಾಡು ಬಂತು. ಅವಳು ಮನೆಯಲ್ಲಿಲ್ಲ, ಮನೆಗೆ ಬೆಳಕಿಲ್ಲ, ಅಷ್ಟೇ ವಿಷಯ. ಎಷ್ಟು ಉದ್ದ ಗೊತ್ತಾ? ಎರಡು ನಿಮಿಷ, ಮೇಲೆ ಮೂರ್ನಾಲ್ಕು ಸೆಕೆಂಡು. ಮುಗೀತು. ಪುಟ್ಟೂ, ನಿನ್ನ ಟೀಸರ್ ಎಷ್ಟಿದೆ?"

"ಎರಡೂವರೆ ನಿಮಿಷ ಅಂಕಲ್."

"ಅಂದ್ರೆ ಒಂದೂಕಾಲು ಹಾಡು."

"ಮೇಕಿಂಗ್ ವಿಡಿಯೋ ಹದಿನಾಲ್ಕು ನಿಮಿಷ" ಎಂದು ಕಿಟ್ಟಿಯೇ ಚಾಡಿ ಹೇಳಿದ.

"ಏಳು ಹಾಡು!"

"ಥ್ಯಾಂಕ್ಸ್ ಕಾರ್ಡು ಒಂದು ನಿಮಿಷ ಓಡುತ್ತೆ" ಎಂದ ಪುಟ್ಟು, ಸ್ವಲ್ಪ ಹೆಮ್ಮೆಯಿಂದಲೇ.

"ಅರ್ಧ ಹಾಡು. ಯಾರಿಗೆ ಥ್ಯಾಂಕ್ಸು, ಬಿಟ್ಟು ಹೋದವಳಿಗಾ?"

"ಟ್ಯಾಂಕರ್‌ನವರಿಗೆ."

ಅಲ್ಲಿಂದ ರಾಯರು ಎಲ್ಲವನ್ನೂ ಆ ಹಾಡಿನಲ್ಲೇ ಅಳೆಯತೊಡಗಿದರು. ಮಸಾಲೆ ದೋಸೆ ಬರಲು ಐದು ಹಾಡು ಹಿಡಿಯಿತು. ಸಿಲ್ಕ್ ಬೋರ್ಡ್ ದಾಟುವುದಕ್ಕೆ ವಿದರ್ಸನ ಆಲ್ಬಮ್ಮೇ ಸಾಲದು ಎಂದರು. ಸೀನನ ಹೆಂಡತಿ ಫೋನ್ ಮಾಡಿ ಬೀನ್ಸ್ ತನ್ನಿ ಎಂದಳು. ಬೀನ್ಸ್ ಒಂದು ಹಾಡು, ಯಾವ ಬೀನ್ಸ್ ತರಬಾರದು ಎಂಬುದು ಮೂರು ಹಾಡು.

"ಆದ್ರೂ ರಾಯರೇ" ಎಂದ ಸೀನ ಫೋನ್ ಜೇಬಿಗಿಟ್ಟು, "ಎರಡು ನಿಮಿಷದಲ್ಲಿ ಏನು ದುಃಖ ಆಗುತ್ತೆ? ಅಳೋಕೆ ಶುರು ಮಾಡೋಷ್ಟರಲ್ಲಿ ಮುಗಿದೇ ಹೋಗುತ್ತೆ."

"ಅದೇ ಸರಿ. ಉಳಿದ ಅಳು ನೀನು ಮನೆಗೆ ಹೋಗಿ ಅಳಬೇಕು. ಈಗಿನ ಹಾಡುಗಳಲ್ಲಿ ನಮ್ಮ ಪಾಲಿನದ್ದನ್ನೂ ಅವರೇ ಅತ್ತುಬಿಡ್ತಾರೆ."

ಪುಟ್ಟು ಮೊಬೈಲಿನಲ್ಲಿ ಆ ಹಾಡು ಹುಡುಕಿ ಹಚ್ಚಿದ. ದೋಸೆ ಕಲ್ಲಿನ ಸದ್ದಿನ ನಡುವೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ನಡುವೆ ಒಂದು ಕಡೆ ಗಿಟಾರು, ಪಿಟೀಲು ಎಲ್ಲ ಹಿಂದೆ ಸರಿದು ಬರೀ ತಾಳ ಉಳಿಯಿತು. ಅದರ ಮೇಲೆ ಆ ಮನುಷ್ಯ 'ಐ ನೋ, ಐ ನೋ, ಐ ನೋ' ಎಂದು ಒಂದೇ ಸಮ ಹೇಳುತ್ತಾ ಹೋದ. ಉಸಿರು ಎಲ್ಲಿ ತೆಗೆದುಕೊಳ್ಳುತ್ತಾನೋ ತಿಳಿಯುವುದಿಲ್ಲ.

"ಹ್ಯಾಂಗ್ ಆಯ್ತೇನೋ" ಎಂದ ಕಿಟ್ಟಿ.

"ಹ್ಯಾಂಗ್ ಅಲ್ಲ. ಇಪ್ಪತ್ತಾರು ಸಲ ಹೇಳ್ತಾನೆ" ಎಂದರು ರಾಯರು. "ಅಲ್ಲಿ ಇನ್ನೊಂದು ಚರಣ ಬರೆಯೋಣ ಅಂತಿದ್ದ. ಬರೆದಿರಲಿಲ್ಲ. ಜಾಗ ತುಂಬಲಿ ಅಂತ ಸುಮ್ನೆ ಹಾಗೆ ಹಾಡಿದ. ಸ್ಟುಡಿಯೋದಲ್ಲಿ ಇದ್ದವರು ಯಾರು? ಹಾಡು ಮಾಡಿಸ್ತಿದ್ದವನು ಬೂಕರ್ ಟಿ. ಜೋನ್ಸ್. ಡ್ರಮ್ಸಿಗೆ ಆಲ್ ಜಾಕ್ಸನ್, ಬೇಸಿಗೆ ಡಕ್ ಡನ್, ಗಿಟಾರಿಗೆ ಸ್ಟೀಫನ್ ಸ್ಟಿಲ್ಸ್. ಎಲ್ಲ ಆಗಲೇ ಹೆಸರು ಮಾಡಿದ್ದವರು. ಹಾಗೇ ಬಿಡು, ಬರೀಬೇಡ ಅಂದರು. ಇವನು ಫ್ಯಾಕ್ಟರಿ ಆಳು. ಅನುಭವ ಇದ್ದವರು ಹೇಳ್ತಿದ್ದಾರೆ ಅಂತ ಬಿಟ್ಟುಬಿಟ್ಟ."

"ನಮ್ಮ ಕಡೆ ಆಗಿದ್ರೆ?" ಎಂದಳು ಪದ್ದಕ್ಕ.

"ನಮ್ಮ ಕಡೆ ಆಗಿದ್ರೆ ಅಲ್ಲೊಂದು ರ‍್ಯಾಪ್ ಹಾಕ್ತಿದ್ರು."

ಪುಟ್ಟು ತಲೆ ತಗ್ಗಿಸಿದ. ಅವನ ಹಾಡಿನಲ್ಲಿ ನಾಲ್ಕನೇ ನಿಮಿಷಕ್ಕೆ ಸರಿಯಾಗಿ ಒಂದು ರ‍್ಯಾಪ್ ಇದೆ ಎಂಬುದು ಕಿಟ್ಟಿಗೆ ಮಾತ್ರ ಗೊತ್ತಿತ್ತು.

"ಚಿಕ್ಕಂದಿನಲ್ಲಿ ಅವನಿಗೆ ಮಾತು ತೊದಲ್ತಿತ್ತು" ಎಂದು ರಾಯರು ಸೇರಿಸಿದರು.

"ಓ, ಅದಕ್ಕೇ ಐ ನೋ ಐ ನೋ..." ಎಂದು ಸೀನ ಶುರು ಮಾಡಿದ.

"ಸಾಕು ಸುಮ್ನಿರಿ ಸೀನಣ್ಣ" ಎಂದಳು ಪದ್ದಕ್ಕ. ಸೀನ ಚಟ್ನಿ ತರಲು ಹೋದ.

"ಅವನ ಹೆಂಡತಿ ಬಿಟ್ಟು ಹೋಗಿದ್ದಳಾ?" ಪದ್ದಕ್ಕ ಕೇಳಿದಳು. ಇಂಥ ಪ್ರಶ್ನೆ ಅವಳೇ ಕೇಳಬೇಕು.

"ಇಲ್ಲಮ್ಮ. ಟೀವಿಯಲ್ಲಿ ಒಂದು ಹಳೇ ಸಿನಿಮಾ ನೋಡ್ತಿದ್ದನಂತೆ. 1962ರದ್ದು, 'ಡೇಸ್ ಆಫ್ ವೈನ್ ಅಂಡ್ ರೋಸಸ್'. ಜಾಕ್ ಲೆಮನ್, ಲೀ ರೆಮಿಕ್. ಗಂಡ ಹೆಂಡತಿ ಇಬ್ರೂ ಕುಡೀತಾರೆ. ಕೊನೆಗೆ ಅವನು ಬಿಡ್ತಾನೆ, ಅವಳಿಗೆ ಬಿಡೋಕೆ ಆಗಲ್ಲ. ಅದನ್ನ ನೋಡಿ ಇವನಿಗೆ ಹೊಳೀತು. ನಮಗೆ ಒಳ್ಳೇದು ಮಾಡದೇ ಇದ್ದದ್ದೂ ಹೋದ ಮೇಲೆ ನೆನಪಾಗಿ ಕಾಡುತ್ತಲ್ಲ, ಅದು."

ಇದಕ್ಕೆ ಯಾರೂ ತಕ್ಷಣ ಮಾತಾಡಲಿಲ್ಲ. ಸಿಗರೇಟ್ ಬಿಟ್ಟ ಮೇಲೆ ಕಿಟ್ಟಿಗೆ ಕಾಫಿ ಕುಡಿದಾಗಲೆಲ್ಲ ಬಲಗೈ ಜೇಬಿಗೆ ಹೋಗುತ್ತದೆ. ಈಗಲೂ ಹೋಯಿತು. ಅಲ್ಲಿದ್ದ ಜೀರಿಗೆ ಪೆಪ್ಪರ್‌ಮಿಂಟ್ ತೆಗೆದು ಬಾಯಿಗೆ ಹಾಕಿಕೊಂಡ. ಪದ್ದಕ್ಕ ನೋಡಿಯೂ ನೋಡದವಳಂತಿದ್ದಳು.

"ಅಂದ್ರೆ ಬ್ರೇಕಪ್ಪೇ ಆಗದೆ ಬ್ರೇಕಪ್ ಸಾಂಗ್ ಮಾಡಬಹುದಾ?" ಎಂದ ಪುಟ್ಟು. ತಾನು ಸುಮ್ನೆ ಖರ್ಚು ಮಾಡಿಕೊಂಡೆನೇನೋ ಎಂಬ ಧಾಟಿ ಅದರಲ್ಲಿತ್ತು.

"ಮೈಕಲ್ ಜಾಕ್ಸನ್ ಇದೇ ಹಾಡನ್ನ 1972ರ ಆಲ್ಬಮ್ಮಿನಲ್ಲಿ ಹಾಡಿದಾಗ ಅವನಿಗೆ ಹದಿಮೂರು. ಆ ವಯಸ್ಸಿಗೆ ಮನೆಯಿಂದ ಯಾರು ಹೋಗಿರ್ತಾರೆ? ಟ್ಯೂಷನ್ ಮೇಷ್ಟ್ರು ಹೋದರೆ ಹುಡುಗರು ಕುಣೀತಾರೆ. ಆದ್ರೂ ಕೇಳಿದ್ರೆ ಕರುಳು ಚುರ್ ಅನ್ನುತ್ತೆ."

"ಹಿಟ್ ಆಯ್ತಾ?" ಚಟ್ನಿ ಸಮೇತ ವಾಪಸಾದ ಸೀನ ಕೇಳಿದ. ಬ್ಯಾಂಕಿನಲ್ಲಿದ್ದವನು. ಕರುಳಿಗಿಂತ ಬ್ಯಾಲೆನ್ಸ್ ಮುಖ್ಯ.

"ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೂರನೇ ಜಾಗ. ಗ್ರ್ಯಾಮಿ ಬಂತು. ಆದರೆ ತಮಾಷೆ ಕೇಳು. ಕಂಪನಿಯವರು ಅದನ್ನ ರೆಕಾರ್ಡಿನ ಹಿಂದಿನ ಬದಿಗೆ ಹಾಕಿದ್ರು. ಮುಂದೆ ಇದ್ದದ್ದು 'ಹಾರ್ಲೆಮ್' ಅಂತ ಬೇರೆ ಹಾಡು. ರೇಡಿಯೋದವರು ರೆಕಾರ್ಡ್ ಮಗುಚಿ ಹಾಕಿದ್ರು, ಇದು ಎದ್ದುಬಿಡ್ತು. ಟೀಸರ್ ಇಲ್ಲ, ಟೀಸರಿಗೆ ಟೀಸರ್ ಇಲ್ಲ, 'ಕಾಯ್ತಾ ಇರಿ ಗೆಳೆಯರೇ' ಇಲ್ಲ."

"ಆಗ ಮಗುಚೋಕೆ ಇನ್ನೊಂದು ಬದಿ ಅಂತ ಇತ್ತು ಅಂಕಲ್" ಎಂದ ಪುಟ್ಟು. "ಈಗ ಅಲ್ಗಾರಿದಂ ಮಗುಚಿದ್ರೆ ನಾವೇ ಕೆಳಗಾಗ್ತೀವಿ."

ರಾಯರು ಹುಡುಗನನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದರು. "ಇದನ್ನ ಹಾಡಲ್ಲಿ ಹಾಕಿದ್ಯಾ?"

"ಇಲ್ಲ."

"ಹಾಕಬೇಕಾಗಿತ್ತು. ಡ್ರೋನ್ ಬಿಟ್ಟು."

ಮತ್ತೆ ಮಾತು ಫ್ಯಾಕ್ಟರಿಗೇ ಹೋಯಿತು. ಆ ಮೊದಲ ಆಲ್ಬಮ್ಮಿನ ಕವರಿನ ಮೇಲೆ ವಿದರ್ಸ್ ಕೈಯಲ್ಲಿ ಊಟದ ಡಬ್ಬಿ ಹಿಡಿದು ಇಟ್ಟಿಗೆ ಗೋಡೆಯ ಮುಂದೆ ನಿಂತಿದ್ದಾನೆ. ಪುಟ್ಟು ಫೋಟೋ ತೆಗೆದು ತೋರಿಸಿದ. ರಾಯರು ಕನ್ನಡಕ ಏರಿಸಿ, ಬೆರಳಲ್ಲಿ ಎಳೆದು, ಮುಖ ಬಿಟ್ಟು ಡಬ್ಬಿಯನ್ನೇ ದೊಡ್ಡದು ಮಾಡಿದರು. ಒಳ್ಳೇ ಡಬ್ಬಿ, ಸಾರು ಚೆಲ್ಲೋದಿಲ್ಲ ಎಂದು ಸರ್ಟಿಫಿಕೇಟ್ ಕೊಟ್ಟರು.

"ರೆಕಾರ್ಡ್ ಚೆನ್ನಾಗಿ ಮಾರಿ ಹಾಡಿಗೆ 'ಗೋಲ್ಡ್' ಪಟ್ಟ ಬಂದಾಗ ಕಂಪನಿಯವರು ಅವನಿಗೆ ಏನು ಉಡುಗೊರೆ ಕೊಟ್ರು ಗೊತ್ತಾ? ಚಿನ್ನದ ಬಣ್ಣದ ಟಾಯ್ಲೆಟ್ ಸೀಟು."

"ತಿಂಡಿ ಮುಗಿಯೋ ತನಕ ಆ ವಿಷಯ ಬೇಡ ಅಂದ್ರೆ ಕೇಳ್ತೀರಾ" ಎಂದಳು ಪದ್ದಕ್ಕ.

"ಆಮೇಲೆ ಏನು ಮಾಡಿದ ಅವನು?" ಕಿಟ್ಟಿ ಕೇಳಿದ.

"ಮುಂದೆ ಸೇರಿದ ಕಂಪನಿಯಲ್ಲಿ ಅವನ ಹಾಡು ಅವನಿಗೇ ಹೇಳಿಕೊಡೋಕೆ ಬಂದ್ರು. ಎಲ್ವಿಸ್ ಹಾಡಿದ್ದನ್ನ ಹಾಡು ಅಂದ್ರು. 1985ರಲ್ಲಿ ಕೊನೇ ಆಲ್ಬಮ್. ಆಮೇಲೆ ಮನೆಗೆ ಹೋದ. ಹೋದವನು ಇನ್ನೊಂದು ಆಲ್ಬಮ್ ಮಾಡೋಕೆ ವಾಪಸ್ ಬರಲಿಲ್ಲ. 2020ರಲ್ಲಿ ತೀರಿಕೊಂಡ."

"ಮೂವತ್ತೈದು ವರ್ಷ ಸುಮ್ನೆ ಇದ್ನಾ!" ಸೀನನಿಗೆ ಇದೇ ದೊಡ್ಡ ವಿಷಯವಾಯಿತು. ಅವನಿಗೆ ಮೂವತ್ತೈದು ನಿಮಿಷ ಸುಮ್ನಿರುವುದು ಆಗಿಬರದು. "ಎಷ್ಟು ಹಾಡು ಆಗುತ್ತೆ ರಾಯರೇ ಅದು, ಲೆಕ್ಕ ಹಾಕಿ."

ರಾಯರು ಲೆಕ್ಕ ಹಾಕಲಿಲ್ಲ. ಲೋಟದಲ್ಲಿ ಉಳಿದಿದ್ದ ನೊರೆ ನೋಡುತ್ತಾ ನಿಂತರು. ಅವರು ರಿಟೈರ್ ಆದ ದಿನ ಡಬ್ಬಿ ಫ್ಯಾಕ್ಟರಿಯಲ್ಲೇ ಬಿಟ್ಟು ಬಂದಿದ್ದು, ಮರುದಿನ ಅದನ್ನು ತರುವ ನೆಪದಲ್ಲಿ ಹೋಗಿ ಗೇಟಿನಲ್ಲಿ ಪಾಸ್ ಕೇಳಿಸಿಕೊಂಡಿದ್ದು ಕಿಟ್ಟಿಗೆ ಗೊತ್ತಿತ್ತು. ಅವನು ಆ ಮಾತು ಎತ್ತಲಿಲ್ಲ.

ಪದ್ದಕ್ಕನೇ ಮಾತು ತಿರುಗಿಸಿದಳು. "ಪುಟ್ಟೂ, ಆ ಹುಡುಗಿಗೆ ಹಾಡು ಕೇಳಿಸಿದ್ಯಾ?"

"ಹೇಗೆ ಕೇಳಿಸೋದು ಅತ್ತೆ. ಬ್ಲಾಕ್ ಮಾಡಿದ್ದಾಳೆ."

"ಮತ್ತೆ ಇದೆಲ್ಲ ಯಾರಿಗೋ?"

ಪುಟ್ಟು ಫೋನ್ ಮಗುಚಿ ಟೇಬಲ್ ಮೇಲಿಟ್ಟ. "ಲಕ್ಷ ವ್ಯೂಸ್ ಆದ್ರೆ, ಯಾರಾದ್ರೂ ಫಾರ್ವರ್ಡ್ ಮಾಡಿ ಅವಳಿಗೂ ಹೋಗುತ್ತೇನೋ ಅಂತ."

ಸೀನ ಕೂಡ ಗೊತ್ತು ಎನ್ನಲಿಲ್ಲ. ರಾಯರು ಹುಡುಗನ ಹೆಗಲು ತಟ್ಟಿದರು. "ನೋಡು, ಡ್ರೋನ್ ತೆಗಿ. ರ‍್ಯಾಪ್ ತೆಗಿ, ಇದೆ ಅಂತ ನಿಮ್ಮ ಮಾಮನ ಮುಖ ಹೇಳ್ತಿದೆ. ಟ್ಯಾಂಕರ್ ಮಳೇನೂ ತೆಗಿ. ಎರಡು ನಿಮಿಷ ಉಳಿಸಿಕೋ. ಈಗ ಹೇಳಿದೆಯಲ್ಲ, ಫಾರ್ವರ್ಡ್ ಆಗಿ ಹೋಗುತ್ತೇನೋ ಅಂತ, ಅದಿರಲಿ."

ಪುಟ್ಟು ಬಹಳ ಹೊತ್ತು ಯೋಚಿಸಿದ. ಸುಮಾರು ಅರ್ಧ ಹಾಡು.

"ಆಯ್ತು ಅಂಕಲ್, ಎರಡೇ ನಿಮಿಷ. ಉಳಿದ ನಾಲ್ಕೂವರೆ ನಿಮಿಷ ಪಾರ್ಟ್ 2."