ಮಫಿನ್ ಪುಡಿಯಲ್ಲಿ ಹಣ್ಣಿನ ಲೋಫ್ ಮಾಡಬಹುದೇ?

ಪ್ರಶ್ನೆ (ಕದ್ರಿ, ಮಂಗಳೂರು)
ಎರಡು ಕಪ್ ಮೈದಾ, ಮುಕ್ಕಾಲು ಕಪ್ ಸಕ್ಕರೆ, ಕಾಲು ಕಪ್ ಹಾಲಿನ ಪುಡಿ, 3 ಚಹಾ ಚಮಚ ಬೇಕಿಂಗ್ ಪೌಡರ್ ಮತ್ತು ಅರ್ಧ ಚಮಚ ಉಪ್ಪನ್ನು ಜರಡಿ ಹಿಡಿದು ಡಬ್ಬಿಯಲ್ಲಿ ತುಂಬಿಡುವುದು ನಮ್ಮ ಮನೆಯ ರೂಢಿ. ಬೇಕಾದಾಗ ಒಂದು ಮೊಟ್ಟೆ, ಮುಕ್ಕಾಲು ಕಪ್ ನೀರು, 1/3 ಕಪ್ ಎಣ್ಣೆ ಸೇರಿಸಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟರೆ ಸುಮಾರು 20 ನಿಮಿಷಕ್ಕೆ ಮಫಿನ್ ಬೇಯುತ್ತದೆ. ಇದೇ ಪುಡಿಗೆ ಬಾಳೆಹಣ್ಣು ಮತ್ತು ಅನಾನಸು ಸೇರಿಸಿ, 9 ಇಂಚು ಉದ್ದ 5 ಇಂಚು ಅಗಲದ ಟಿನ್ನಿನಲ್ಲಿ ಲೋಫ್ ಮಾಡಲು ಏನೇನು ಬದಲಿಸಬೇಕು? ಮಳೆಗಾಲದಲ್ಲಿ ಪುಡಿ ಕೆಡದೆ ಉಳಿಯುವುದೇ?

ಉತ್ತರ (ಮಣಿಪಾಲ)
ಮೊದಲು ಉರಿಯನ್ನು ಇಳಿಸಿ. ಲೋಫ್‌ನ ನಡುಭಾಗಕ್ಕೆ ಶಾಖ ತಲುಪಲು ಹೆಚ್ಚು ಹೊತ್ತು ಬೇಕಾಗುವುದರಿಂದ, 200 ಡಿಗ್ರಿಯಲ್ಲಿ ಮೇಲ್ಭಾಗ ಕಪ್ಪಾಗುವ ಹೊತ್ತಿಗೂ ಒಳಗೆ ಹಸಿಯೇ ಉಳಿಯುತ್ತದೆ. 175 ಡಿಗ್ರಿಯಲ್ಲಿ 55ರಿಂದ 65 ನಿಮಿಷ ಬೇಯಿಸಿ. ಮೇಲ್ಭಾಗ ಬೇಗನೆ ಕೆಂಪಾದರೆ ಅಲ್ಯೂಮಿನಿಯಂ ಹಾಳೆಯನ್ನು ಸಡಿಲವಾಗಿ ಮುಚ್ಚಿ.

ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಕಿವುಚಿ ಒಂದು ಕಪ್ ಹಾಕುವುದಾದರೆ ನೀರು ಕಾಲು ಕಪ್ ಸಾಕು. ಅನಾನಸನ್ನು ಸಣ್ಣಗೆ ಹೆಚ್ಚಿ, ರಸ ಆರುವವರೆಗೆ ಬಾಣಲೆಯಲ್ಲಿ ಬಾಡಿಸಿ, ತಣಿಸಿ, ಅರ್ಧ ಕಪ್ ಮಾತ್ರ ಬಳಸಿ. ಹಿಟ್ಟು ಗೋಳಿಬಜೆಯ ಹಿಟ್ಟಿನಷ್ಟು ಗಟ್ಟಿಯಾಗಿರಲಿ. ಹಣ್ಣಿನ ಚೂರುಗಳಿಗೆ ಮೈದಾ ಸವರಿದರೆ ತಳ ಸೇರುವುದಿಲ್ಲ ಎನ್ನುತ್ತಾರೆ, ಆದರೆ ತೆಳ್ಳಗಿನ ಹಿಟ್ಟಿನಲ್ಲಿ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಒಣ ಹಿಟ್ಟು ಕಾಣದಾದ ಕೂಡಲೇ ಕಲಸುವುದನ್ನು ನಿಲ್ಲಿಸಿ, ಇಲ್ಲವಾದರೆ ಲೋಫ್ ರಬ್ಬರಿನಂತಾಗುತ್ತದೆ.

ಉತ್ತರ (ಸುರತ್ಕಲ್)
ಮಳೆಗಾಲದ ಪ್ರಶ್ನೆಗೆ ಉತ್ತರ ಬಾಕಿ ಉಳಿದಿದೆ. ಬೇಕಿಂಗ್ ಪೌಡರ್‌ನಲ್ಲಿ ಸೋಡಾ ಮತ್ತು ಒಣ ಆಮ್ಲ ಒಟ್ಟಿಗಿರುತ್ತವೆ. ನಮ್ಮ ಕರಾವಳಿಯ ತೇವದ ಗಾಳಿ ತಾಗಿದರೆ ಅವು ಡಬ್ಬಿಯೊಳಗೇ ವರ್ತಿಸಿ, ಒಲೆ ಸೇರುವ ಮೊದಲೇ ಅದರ ಶಕ್ತಿ ಕುಂದುತ್ತದೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಪುಡಿಗೆ ಸೇರಿಸದೆ, ಅಳತೆಯನ್ನು ಡಬ್ಬಿಯ ಮೇಲೆ ಬರೆದಿಟ್ಟು, ಮಾಡುವ ದಿನವೇ ಹಾಕುವುದು ಲೇಸು. ಅನುಮಾನವಿದ್ದರೆ ಅರ್ಧ ಚಮಚವನ್ನು ಬಿಸಿನೀರಿಗೆ ಹಾಕಿ ನೋಡಿ: ಜೋರಾಗಿ ನೊರೆ ಬರಬೇಕು. ಡಬ್ಬಿಯನ್ನು ಫ್ರಿಜ್‌ನಲ್ಲಿಟ್ಟಿದ್ದರೆ, ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆಯೇ ಮುಚ್ಚಳ ತೆಗೆಯಿರಿ. ತಣ್ಣಗಿನ ಪುಡಿಯ ಮೇಲೆ ಗಾಳಿಯ ತೇವ ಕೂರುತ್ತದೆ.

ಉತ್ತರ (ಉಡುಪಿ)
ಮೊಟ್ಟೆ ಬಳಸದವರು ಕಾಲು ಕಪ್ ಗಟ್ಟಿ ಮೊಸರು ಮತ್ತು ಕಾಲು ಚಮಚ ಅಡುಗೆ ಸೋಡಾ ಹಾಕಿ, ಬೇಕಿಂಗ್ ಪೌಡರನ್ನು 2 ಚಮಚಕ್ಕೆ ಇಳಿಸಬಹುದು. ಮಣಿಪಾಲದವರು ಹೇಳಿದ ಉರಿಯೇ ಇದಕ್ಕೂ ಸರಿ. ಬಿಸಿಯಿರುವಾಗ ಮಾತ್ರ ಕತ್ತರಿಸಬೇಡಿ. ಪೂರ್ತಿ ತಣಿಯುವವರೆಗೆ ಹೋಳುಗಳು ಪುಡಿಯಾಗುತ್ತವೆ.