"ಹೋಗಿಬಿಟ್ಟರೆ ಸಾಕು" ಅನ್ನುವ ಅಪ್ಪನಿಗೆ ಬುದ್ಧನ ಮಾತು ಹೇಳಬಹುದಾ?

ಪ್ರಶ್ನೆ (ಹೆಸರು ಬೇಡ ಎಂದ ಸದಸ್ಯೆ): ನಮಸ್ತೆ ಮೇಡಂ. ಅಪ್ಪನಿಗೆ 76 ವರ್ಷ. ಹೈಸ್ಕೂಲ್ ಮೇಷ್ಟ್ರಾಗಿದ್ದವರು, ಅಕ್ಷರ ಮುತ್ತಿನ ಹಾಗಿತ್ತು. ಎರಡು ವರ್ಷದಿಂದ ಪಾರ್ಕಿನ್ಸನ್. ಈಗ ಅಂಗಿಯ ಗುಂಡಿ ಹಾಕುವುದಕ್ಕೂ ನಾನು ಬೇಕು. "ನಿನಗೆ ಭಾರ ಆದೆ, ಹೋಗಿಬಿಟ್ಟರೆ ಸಾಕು" ಅಂತಾರೆ. "ಹಾಗೆಲ್ಲ ಅನ್ನಬೇಡಿ ಅಪ್ಪ" ಅಂದು ಮಾತು ಬದಲಿಸುತ್ತೇನೆ. ಬುದ್ಧ ಮುಪ್ಪು, ಕಾಯಿಲೆ, ಸಾವು ಕಂಡೇ ಮನೆ ಬಿಟ್ಟವನು ಅಲ್ವಾ? ಅವನ ಮಾತುಗಳನ್ನು ಈಗ ಕೌನ್ಸೆಲಿಂಗ್‌ನಲ್ಲೂ ಬಳಸುತ್ತಾರಂತೆ. "ಎಲ್ಲವೂ ಅನಿತ್ಯ" ಅಂತ ತಿಳಿಸಿ ಹೇಳಿದರೆ ಅಪ್ಪನಿಗೆ ಸಮಾಧಾನ ಆಗುತ್ತದಾ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಬುದ್ಧನ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಒಂದು ಕೆಲಸ ಇದೆ. ಆ ಮಾತು ಬಂದಾಗ ವಿಷಯ ಬದಲಿಸಬೇಡಿ. ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: "ಅಪ್ಪ, ಜೀವ ಕಳೆದುಕೊಳ್ಳಬೇಕು ಅನ್ನಿಸುತ್ತಾ?" ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಮಾತ್ರೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಪಾರ್ಕಿನ್ಸನ್‌ನಲ್ಲಿ ಖಿನ್ನತೆ ತುಂಬಾ ಸಾಮಾನ್ಯ. ಮಿದುಳಿನಲ್ಲಿ ಆಗುವ ಬದಲಾವಣೆಯೇ ಅದಕ್ಕೊಂದು ಕಾರಣ. "ವಯಸ್ಸಾಯ್ತಲ್ಲ, ಹೀಗೇ" ಅಂತ ಬಿಟ್ಟುಬಿಡುತ್ತೇವೆ. ಅದಕ್ಕೆ ಚಿಕಿತ್ಸೆ ಇದೆ.

ಇನ್ನು "ಎಲ್ಲವೂ ಅನಿತ್ಯ". ದಯವಿಟ್ಟು ಹೇಳಬೇಡಿ. ಸಾವಿಲ್ಲದ ಮನೆಯ ಸಾಸಿವೆ ಕಥೆ ನಿಮಗೂ ಗೊತ್ತು. ಸತ್ತ ಮಗುವನ್ನು ಎತ್ತಿಕೊಂಡು ಔಷಧಿ ಕೇಳಿದ ಕಿಸಾಗೋತಮಿಗೆ ಬುದ್ಧ "ಹುಟ್ಟಿದವರು ಸಾಯಲೇಬೇಕು" ಅಂತ ಬೋಧನೆ ಶುರು ಮಾಡಲಿಲ್ಲ. ಮನೆಮನೆಗೆ ಕಳಿಸಿದ. ಪ್ರತಿ ಬಾಗಿಲಲ್ಲೂ ಅವಳು ಬೇರೆಯವರ ಸಾವಿನ ಸುದ್ದಿ ಕೇಳಿದಳು. ಕೊನೆಗೆ ಮಗುವನ್ನು ತಾನಾಗಿಯೇ ಕೆಳಗಿಳಿಸಿದಳು. ಒಳ್ಳೆ ಥೆರಪಿ ನಡೆಯುವುದೂ ಹೀಗೇ ಅಂತ ನನಗೆ ಅನ್ನಿಸುತ್ತದೆ.

ನಿಮ್ಮಪ್ಪನಿಗೆ ಹತ್ತಿರವಾಗಬಹುದಾದ್ದು ಎರಡು ಬಾಣಗಳ ಮಾತು. ಬುದ್ಧನ ಉಪದೇಶಗಳ ಪಾಲಿ ಸಂಗ್ರಹವಾದ ಸಂಯುತ್ತ ನಿಕಾಯದಲ್ಲಿದೆ. ಮೈಗೆ ನೋವಾಗುವುದು ಒಂದು ಬಾಣ. ಆ ನೋವಿಗೆ ಮನಸ್ಸು ಗೋಳಾಡುವುದು ಅದರ ಹಿಂದೆಯೇ ಬಂದು ನಾಟುವ ಎರಡನೇ ಬಾಣ. ಕೈ ನಡುಗುವುದು ಮೊದಲನೆಯದು. "ನಾನು ಕೆಲಸಕ್ಕೆ ಬಾರದವನು, ಮಗಳ ಬದುಕು ಹಾಳು ಮಾಡಿದೆ" ಅನ್ನುವುದು ಎರಡನೆಯದು. ಅದನ್ನು ಕೀಳಲು ಹೋಗಿ "ಹಾಗೆ ಯೋಚಿಸಬೇಡಿ" ಅಂದರೆ ಬಾಣ ಇನ್ನೂ ಒಳಗೆ ಹೋಗುತ್ತದೆ. ನಾವು ಕೇಳುವುದು ಬೇರೆ: ಈ ಯೋಚನೆ ಯಾವ ಹೊತ್ತಿನಲ್ಲಿ ಬರುತ್ತದೆ? ಬಂದಾಗ ಎದೆ ಬಿಗಿಯುತ್ತದಾ, ಗಂಟಲು ಕಟ್ಟುತ್ತದಾ? ನೋಡುತ್ತಾ ನೋಡುತ್ತಾ ಅವರಿಗೇ ಎರಡೂ ಬೇರೆಬೇರೆಯಾಗಿ ಕಾಣುತ್ತವೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಜಿನ್ ದೀರ್ಘಕಾಲದ ನೋವಿನ ರೋಗಿಗಳಿಗೆ ಶುರು ಮಾಡಿದ ಧ್ಯಾನದ ತರಬೇತಿಯ ಹಿಂದೆಯೂ ಇಂಥದೇ ತಿಳಿವಳಿಕೆ ಇದೆ.

ಇನ್ನೊಬ್ಬ ಸದಸ್ಯರು: ಮೇಡಂ, ನಮ್ಮ ಮಾವ ತೀರಿಕೊಂಡು ಎರಡು ತಿಂಗಳಾಯ್ತು. ಅತ್ತೆ ಊಟ ನಿದ್ದೆ ಎರಡೂ ಬಿಟ್ಟಿದ್ದಾರೆ. ಹತ್ತು ದಿನದ ಮೌನ ಧ್ಯಾನ ಶಿಬಿರಕ್ಕೆ ಕಳಿಸಲಾ?

ಉತ್ತರ: ಈಗ ಬೇಡ. ಇಡೀ ದಿನ ಮಾತಿಲ್ಲದೆ ಕೂತರೆ ದುಃಖ ಒಮ್ಮೆಗೇ ಮೇಲೆ ಬರಬಹುದು, ಹಿಡಿದುಕೊಳ್ಳಲು ಹತ್ತಿರದವರು ಯಾರೂ ಇರುವುದಿಲ್ಲ. ಧ್ಯಾನವನ್ನು ಆಧರಿಸಿದ ಎಂಬಿಸಿಟಿ ಚಿಕಿತ್ಸೆಯನ್ನು ಮೊದಲು ರೂಪಿಸಿದ್ದೂ ಖಿನ್ನತೆಯಿಂದ ಚೇತರಿಸಿಕೊಂಡವರಿಗೆ, ಅದು ಮರುಕಳಿಸದಿರಲಿ ಅಂತ. ಮೊದಲು ಡಾಕ್ಟರಿಗೆ ತೋರಿಸಿ. ಸಂಜೆ ಹೊತ್ತು ಜೊತೆಗೆ ಕೂತು ಮಾವನ ಬಗ್ಗೆ ಮಾತಾಡಿ.

ಪ್ರಶ್ನೆ ಕೇಳಿದ ಸದಸ್ಯೆ: ನನಗೇ ಸುಸ್ತಾಗಿದೆ ಮೇಡಂ. ಕೆಲವೊಮ್ಮೆ ಅಪ್ಪನ ಮೇಲೆ ರೇಗುತ್ತೇನೆ. ಆಮೇಲೆ ಬಚ್ಚಲಲ್ಲಿ ಅಳುತ್ತೇನೆ.

ಉತ್ತರ: ನಿಮ್ಮ ಕೈಗೊಂದು ಮಾತು ಕೊಡುತ್ತೇನೆ, ಅಪ್ಪನಿಗಲ್ಲ, ನಿಮಗೆ. ದಿನಾ ನೆನೆಯಬೇಕಾದ ಐದು ವಿಷಯಗಳು ಅಂಥದೇ ಇನ್ನೊಂದು ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿವೆ. ಮುಪ್ಪು ನನಗೂ ತಪ್ಪಿದ್ದಲ್ಲ. ಕಾಯಿಲೆ ತಪ್ಪಿದ್ದಲ್ಲ. ಸಾವು ತಪ್ಪಿದ್ದಲ್ಲ. ಪ್ರೀತಿಸಿದ್ದೆಲ್ಲ ಒಂದು ದಿನ ಅಗಲುತ್ತದೆ. ನಾನು ಮಾಡಿದ್ದಕ್ಕೆ ನಾನೇ ವಾರಸುದಾರಳು. ಕಾಯಿಲೆಯವರನ್ನು ನೋಡುವ ಮುಂಚೆ ನಾನು ಇದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಆಗ ಎದುರಿಗಿರುವವರು ನನಗಿಂತ ಬೇರೆ ಜಾತಿಯ ಜೀವ ಅನ್ನಿಸುವುದಿಲ್ಲ. ರೇಗುವುದು ಪೂರ್ತಿ ನಿಲ್ಲಲ್ಲ, ಬೇಗ ಇಳಿಯುತ್ತದೆ. ವಾರಕ್ಕೆ ಎರಡು ಮಧ್ಯಾಹ್ನವಾದರೂ ಅಣ್ಣನೋ ಚಿಕ್ಕಮ್ಮನೋ ಬಂದು ಕೂರಲಿ. ಇದನ್ನು ಕೇಳಲು ಸಂಕೋಚ ಬೇಡ.

ಎಂಬತ್ತರ ವಯಸ್ಸಿನಲ್ಲಿ ಬುದ್ಧ ತನ್ನ ಮೈಯನ್ನು ಪಟ್ಟಿ ಕಟ್ಟಿ ಹೇಗೋ ಓಡಿಸುವ ಹಳೇ ಗಾಡಿಗೆ ಹೋಲಿಸಿದ. ಮೇಷ್ಟ್ರಿಗೆ ಈ ಹೋಲಿಕೆ ಹಿಡಿಸಬಹುದು. "ನಿಮ್ಮ ಗಾಡಿ ಇವತ್ತು ಹೇಗಿದೆ ಅಪ್ಪ?" ಅಂತ ಕೇಳಿ ನೋಡಿ.

ಪ್ರಶ್ನೆ ಕೇಳಿದ ಸದಸ್ಯೆ (ಎರಡು ದಿನದ ನಂತರ): ಕೇಳಿದೆ ಮೇಡಂ. ಜೀವ ಕಳೆದುಕೊಳ್ಳುವ ಯೋಚನೆ ಇಲ್ಲ ಅಂದರು. "ಪೆನ್ಷನ್ ಕಾಗದಕ್ಕೆ ಸಹಿ ಹಾಕಲು ಆಗಲಿಲ್ಲ ಕಣಮ್ಮ" ಅಂತ ಅತ್ತರು. ನಾನು ಸುಮ್ನೆ ಕೈ ಹಿಡಿದು ಕೂತಿದ್ದೆ. ಮಂಗಳವಾರ ನ್ಯೂರಾಲಜಿಸ್ಟ್ ಹತ್ತಿರ ಹೋಗುತ್ತಿದ್ದೇವೆ.

ಉತ್ತರ: ನಿದ್ದೆ, ಊಟ, ಯಾವ ಹೊತ್ತಿನಲ್ಲಿ ಬೇಸರ ಜಾಸ್ತಿ, ಎಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸಹಿಯ ವಿಷಯವನ್ನೂ ಬರೆಯಿರಿ.